ಕಣ್ಣು ತೆರೆದೇ ಇತ್ತು, ನೋವು ತಿಳಿಯುತ್ತಿತ್ತೇ?

ಪ್ರಶ್ನೆ: ನಮ್ಮ ನಾಲ್ಕು ವರ್ಷದ ಗಂಡು ಬೆಕ್ಕಿಗೆ ಇನ್ನೊಂದು ಬೆಕ್ಕು ಕಚ್ಚಿ ಕೆನ್ನೆಯಲ್ಲಿ ಕೀವು ತುಂಬಿತ್ತು. ಬೆಳಿಗ್ಗೆ ಹಾಲು ಕುಡಿಸಿ ಆಸ್ಪತ್ರೆಗೆ ಒಯ್ದೆ. ಇಂಜೆಕ್ಷನ್ ಕೊಟ್ಟ ಮೇಲೆ ವಾಂತಿ ಮಾಡಿ ಮಲಗಿತು. ಬಾವು ಕೊಯ್ದು ತೊಳೆಯಲು ಹದಿನೈದು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಕಣ್ಣು ತೆರೆದೇ ಇತ್ತು. ಅದಕ್ಕೆ ನೋವಾಗುತ್ತಿತ್ತೇ? ಈಗ ಮೂಲೆ ಬಿಟ್ಟು ಏಳುತ್ತಿಲ್ಲ. ಪ್ಯಾರಾಸಿಟಮಾಲ್ ಕಾಲು ಮಾತ್ರೆ ಕೊಡಬಹುದೇ?
- ಓದುಗರು, ನವನಗರ, ಬಾಗಲಕೋಟೆ

ಉತ್ತರ: ಮಾತ್ರೆ ಬೇಡವೇ ಬೇಡ. ನಿಮ್ಮ ಪತ್ರ ಕೈಸೇರಿದ ದಿನವೇ ಫೋನ್ ಮಾಡಿ ಇದನ್ನು ಹೇಳಿದ್ದೇನೆ. ಉಳಿದವರಿಗೂ ತಿಳಿಯಲಿ ಎಂದು ಮತ್ತೆ ಬರೆಯುತ್ತಿದ್ದೇನೆ. ಪ್ಯಾರಾಸಿಟಮಾಲನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲವೆನ್ನುವಷ್ಟು ಕಡಿಮೆ. ರಕ್ತ ಆಮ್ಲಜನಕ ಹೊರುವುದನ್ನೇ ನಿಲ್ಲಿಸುತ್ತದೆ, ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ. ಕಾಲು ಮಾತ್ರೆಯೂ ಪ್ರಾಣ ತೆಗೆಯಬಲ್ಲದು. ಯಾರಾದರೂ ಈಗಾಗಲೇ ಕೊಟ್ಟಿದ್ದರೆ ಲಕ್ಷಣಕ್ಕಾಗಿ ಕಾಯದೆ ತಕ್ಷಣ ಪಶುವೈದ್ಯರ ಬಳಿ ಓಡಿ.

ಇನ್ನು ತೆರೆದ ಕಣ್ಣು. ಮಂಪರಿಗೆಂದು ಕೊಡುವ ಔಷಧ ಕೆಟಮಿನ್. ಅದನ್ನು ಕೊಟ್ಟ ಬೆಕ್ಕು ಕಣ್ಣು ಮುಚ್ಚುವುದಿಲ್ಲ. ರೆಪ್ಪೆ ಬಡಿಯದೆ ಕಣ್ಣು ಒಣಗುತ್ತದೆಂದು ನಾವು ಮುಲಾಮು ಹಚ್ಚುತ್ತೇವೆ. ಕೆಟಮಿನ್ ನೋವನ್ನೂ ತಗ್ಗಿಸುವ ಔಷಧ. ನಿಮ್ಮ ಬೆಕ್ಕಿಗೆ ಕೊಟ್ಟದ್ದು ಅದೇ ಆಗಿದ್ದರೆ ಆ ಕಣ್ಣುಗಳನ್ನು ನೆನೆದು ಕೊರಗಬೇಡಿ. ನನ್ನನ್ನು ಹೆಚ್ಚು ಕಾಡುವುದು ಇದರ ತಿರುವುಮುರುವು: ಅಲುಗಾಡದೆ ಬಿದ್ದಿರುವ ಬೆಕ್ಕಿಗೆ ನೋವಿಲ್ಲ ಎಂಬ ನಂಬಿಕೆ. ಏಸಿಪ್ರೊಮಜಿನ್‌ನಂತಹ ಔಷಧ ಬೆಕ್ಕನ್ನು ಮಂಕಾಗಿಸುತ್ತದೆಯೇ ಹೊರತು ನೋವನ್ನು ಮುಟ್ಟುವುದಿಲ್ಲ. ಇಪ್ಪತ್ತು ವರ್ಷಗಳ ಹಿಂದೆ, ವೃತ್ತಿಯ ಆರಂಭದಲ್ಲಿ, ವಿಜಯಪುರದಲ್ಲಿ ಅಂಥದ್ದೇ ಮಂಪರಿನಲ್ಲಿದ್ದ ಹೆಣ್ಣು ಬೆಕ್ಕಿನ ಗಾಯಕ್ಕೆ ಹೊಲಿಗೆ ಹಾಕುತ್ತಿದ್ದೆ. ದೇಹ ನಿಶ್ಚಲ. ಆದರೆ ಸೂಜಿ ಚರ್ಮದೊಳಗೆ ಹೋದಾಗಲೆಲ್ಲ ಬಾಲದ ತುದಿ ಮಾತ್ರ ಒಂದಿಂಚು ಎದ್ದು ಬೀಳುತ್ತಿತ್ತು. ಎರಡು ಹೊಲಿಗೆ ಆಗುವವರೆಗೂ ನಾನು ಅದನ್ನು ಗಮನಿಸಿರಲಿಲ್ಲ. ಅಂದಿನಿಂದ ಮಂಪರಿಗೆ ಬೇರೆ, ನೋವಿಗೆ ಬೇರೆ ಎಂದು ಲೆಕ್ಕ ಹಾಕದೆ ಕತ್ತರಿ ಎತ್ತಿಲ್ಲ. ನೋವಿಗೆ ಬ್ಯುಟೊರ್ಫನಾಲ್‌ನಂತಹ ಇಂಜೆಕ್ಷನ್ ಇದೆ, ಕೊಯ್ಯುವ ಜಾಗಕ್ಕಷ್ಟೇ ತೂಕ ನೋಡಿ ಕೊಟ್ಟು ಮರಗಟ್ಟಿಸುವ ಲಿಗ್ನೊಕೇನ್ ಇದೆ. ಮರಗಟ್ಟಿದ ಮೇಲೆ ಚರ್ಮವನ್ನು ಚಿಮುಟದಿಂದ ಹಿಡಿದು ನೋಡಿಯೇ ಚಾಕು ಇಡಬೇಕು. ಹತ್ತು ನಿಮಿಷದ ಕೆಲಸವೆಂದು ಇದನ್ನು ಬಿಡುವುದು ಸಲ್ಲದು. ‘ನೋವಿಗೆ ಏನು ಕೊಡುತ್ತೀರಿ?’ ಎಂದು ಮೊದಲೇ ಕೇಳಿ. ಬೇಸರಪಡುವ ವೈದ್ಯರು ಕಡಿಮೆ.

ವಾಂತಿ ಹೆದರುವಂಥದ್ದಲ್ಲ, ಮಂಪರಿನ ಇನ್ನೊಂದು ಔಷಧ ಜೈಲಜಿನ್ ಕೊಟ್ಟರೆ ಬೆಕ್ಕುಗಳು ಸಾಮಾನ್ಯವಾಗಿ ಕಕ್ಕುತ್ತವೆ. ಹೊಟ್ಟೆಯಲ್ಲಿದ್ದ ಹಾಲು ಶ್ವಾಸಕೋಶಕ್ಕೆ ಇಳಿದರೆ ಅದು ಅಪಾಯ. ದೊಡ್ಡ ಬೆಕ್ಕಾದರೆ ಮಂಪರಿನ ಇಂಜೆಕ್ಷನ್ ಕೊಡಿಸುವ ಮೊದಲಿನ ಆರರಿಂದ ಎಂಟು ತಾಸು ಆಹಾರ, ಹಾಲು ಬೇಡ. ನೀರು ಇಡಬಹುದು. ಮರಿಗಳನ್ನು ಅಷ್ಟು ಹೊತ್ತು ಉಪವಾಸ ಕೆಡವಬಾರದು.

ಮನೆಗೆ ತಂದ ಮೇಲೆ ಬೆಚ್ಚಗಿಡಿ. ನಮ್ಮ ಏಪ್ರಿಲ್ ಬಿಸಿಲಿನಲ್ಲೂ ಮಂಪರಿನ ಬೆಕ್ಕಿನ ಮೈ ತಣ್ಣಗಾಗುತ್ತದೆ. ಸ್ಟೀಲ್ ಮೇಜಿನ ಮೇಲೆ ಫ್ಯಾನಿನ ಕೆಳಗೆ ಮಲಗಿದ್ದರಂತೂ ಕೇಳುವುದೇ ಬೇಡ. ಕೌದಿ ಮಡಚಿ ನೆಲದ ಮೇಲೆ ಹಾಸಿ, ಕಾಲು ಗಟ್ಟಿಯಾಗುವವರೆಗೆ ಮಂಚಕ್ಕೂ ಅಟ್ಟಕ್ಕೂ ಹತ್ತಲು ಬಿಡಬೇಡಿ.

ಮೂಲೆ ಸೇರಿದ ಬೆಕ್ಕನ್ನು ಹತ್ತಿರದಿಂದ ನೋಡಿ. ಕಿವಿಗಳು ಹೊರಮುಖವಾಗಿ ತಿರುಗಿ, ಕಣ್ಣು ಕಿರಿದಾಗಿ, ಮೂತಿ ಬಿಗಿದು, ತಲೆ ಹೆಗಲಿಗಿಂತ ಕೆಳಗಿದ್ದರೆ ಅದು ನಿದ್ದೆಯಲ್ಲ, ನೋವು. ಇದನ್ನು ನೋಡಿದರೆ ಕೊಯ್ದ ವೈದ್ಯರಿಗೇ ಫೋನ್ ಮಾಡಿ. ನೋವಿನ ಔಷಧ ಮೆಲೊಕ್ಸಿಕ್ಯಾಮ್ ಕೊಡಬಹುದೇ ಎಂದು ಮೂತ್ರಪಿಂಡದ ಸ್ಥಿತಿ ನೋಡಿ ಅವರೇ ಹೇಳಬೇಕು. ಗಾಯ ತೊಳೆಸಲು ಮತ್ತೆ ಒಯ್ಯುವುದಿದ್ದರೆ, ಹೊರಡುವ ಎರಡು ಮೂರು ತಾಸು ಮೊದಲು ಅಂಜಿಕೆ ತಗ್ಗಿಸುವ ಗಬಾಪೆಂಟಿನ್ ಕೊಡಬಹುದೇ ಎಂದೂ ವಿಚಾರಿಸಿ. ಗೋಣಿಚೀಲ ಬೇಡ, ಮುಚ್ಚಳವಿರುವ ಹಳೆಯ ರೊಟ್ಟಿ ಬುಟ್ಟಿಯಲ್ಲಿ ಅದು ಮಲಗುವ ಬಟ್ಟೆಯನ್ನೇ ಹಾಸಿ ಒಯ್ಯಿರಿ.