ಬಳಿ ಬೇರೆಯಾದರೂ ಕಿಡ್ನಿಯ ಗುಳ್ಳೆ ಬಂತು ಹೇಗೆ?

ವಂಶದಲ್ಲಿ ಬರುವ ಕಾಯಿಲೆಗಳ ಬಗ್ಗೆ ಆಪ್ತಸಲಹೆ ಕೊಡುವ ನನ್ನ ಮುಂದೆ ಮತ್ತೆ ಮತ್ತೆ ಬರುವ ಜಗಳ ಒಂದುಂಟು: ಕಿಡ್ನಿಯ ಈ ಗುಳ್ಳೆ ಯಾರ ಕಡೆಯದ್ದು? ತುಳುನಾಡಿನಲ್ಲಿ ಆ ಜಗಳದೊಳಗೆ ಬಳಿಯೂ ಬರುತ್ತದೆ, ಬಳಿ ಎಂದರೆ ಅಮ್ಮನಿಂದ ಮಕ್ಕಳಿಗೆ ಬರುವ ಕುಲ. ಅದು ಇತ್ಯರ್ಥವಾಗುವ ಮೊದಲೇ ಮನೆಯಲ್ಲಿ ಯಾರೋ ಒಬ್ಬರು ಮೊಬೈಲಿನಲ್ಲಿ ‘ಪಾಲಿಸಿಸ್ಟಿಕ್ ಕಿಡ್ನಿ’ ಎಂದು ಹುಡುಕಿ, ಕಂಡದ್ದೆಲ್ಲ ಒಂದೇ ಕಾಯಿಲೆ ಎಂದುಕೊಂಡು, ಎಲ್ಲರನ್ನೂ ಹೆದರಿಸಿರುತ್ತಾರೆ. ಇದನ್ನು ಬರೆಯುವುದಕ್ಕೆ ಅದೇ ಕಾರಣ. ಕುಟುಂಬದವರ ಒಪ್ಪಿಗೆ ಇದೆ. ಗುರುತು ಹತ್ತುವ ವಿವರಗಳನ್ನು ಬದಲಿಸಿದ್ದೇನೆ.

ಉಡುಪಿ ಕಡೆಯ ಹೆಣ್ಣುಮಗಳು, 27 ವರ್ಷ, ಚೊಚ್ಚಲ ಬಸುರಿ. ಗಂಡ ಗಲ್ಫಿನಲ್ಲಿ. ಮೂರನೆಯ ತಿಂಗಳ ಸ್ಕ್ಯಾನಿಂಗಿನಲ್ಲಿ ಮಗು ಚೆನ್ನಾಗಿತ್ತು, ತಾಯಿಯ ಎರಡೂ ಕಿಡ್ನಿಗಳಲ್ಲಿ ನೀರುಗುಳ್ಳೆಗಳು ಕಂಡವು. ಅಪ್ಪನಿಗೂ ಅದು ಇದೆ ಎನ್ನುವುದು ಆಗ ಹೊರಬಿತ್ತು. ಹೊಟ್ಟೆನೋವೆಂದು ಹೋದಾಗ ಅವರಿಗೆ ವರ್ಷಗಳ ಹಿಂದೆಯೇ ಗೊತ್ತಾಗಿತ್ತಂತೆ, ಮಗಳ ಮದುವೆಗೂ ಮೊದಲು. ಗಂಡನ ಮನೆಯವರು ಮೋಸ ಎಂದರು. ಜೋಯಿಸರ ಹತ್ತಿರ ಪ್ರಶ್ನೆ ಇಟ್ಟಾಗ ನಾಗದೋಷ ಕಂಡಿತು. ಆಕೆ ಮಾತ್ರ ಹುಟ್ಟಿದ ಗಳಿಗೆಯಲ್ಲೇ ಉಸಿರು ಸಿಗದೆ ಹೋಗುವ ಶಿಶುಗಳ ಬಗ್ಗೆ ರಾತ್ರಿಯಿಡೀ ಓದಿ ನನ್ನಲ್ಲಿಗೆ ಬಂದದ್ದು. ‘ತೆಗೆಸಲಿಕ್ಕೆ ಇನ್ನೆಷ್ಟು ದಿವಸ ಉಂಟು ಮೇಡಂ?’

20 ವಾರದ ತನಕ ಕಾನೂನಿನಲ್ಲಿ ಒಬ್ಬ ವೈದ್ಯರ ಅಭಿಪ್ರಾಯ ಸಾಕಾಗುತ್ತದೆ, ನಿರ್ಧಾರ ನಿಮ್ಮದೇ ಎಂದೆ. ಆದರೆ ಯಾವ ಕಾಯಿಲೆಗೆ ಹೆದರಿ ತೆಗೆಸುತ್ತಿದ್ದೀರಿ ಎಂದು ತಿಳಿದುಕೊಂಡೇ ನಿರ್ಧರಿಸಿ, ಮುಂದಿನ ಸಲ ಅಪ್ಪನನ್ನು ಕರೆದುಕೊಂಡು ಬನ್ನಿ ಎಂದು ಕಳಿಸಿದೆ.

ಮುಂದಿನ ಸಲ ಮೂವರು ಬಂದರು. ಅಪ್ಪ ಒಂದು ತುದಿಯ ಕುರ್ಚಿಯಲ್ಲಿ, ಅತ್ತೆ ಇನ್ನೊಂದು ತುದಿಯಲ್ಲಿ, ನಡುವೆ ಈಕೆ. ನಾನು ಹಾಳೆ ತೆಗೆದು ವಂಶದ ಚಿತ್ರ ಬರೆಯತೊಡಗಿದೆ, ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಅಪ್ಪನ ಚೌಕದಿಂದ ಮಗಳ ವೃತ್ತಕ್ಕೆ ಗೆರೆ ಎಳೆದಾಗ ಅವರು ತಡೆದರು.

‘ಅಲ್ಲ ಮೇಡಂ, ಇವಳು ನನ್ನ ಬಳಿಯವಳೇ ಅಲ್ಲ. ಅವಳದ್ದು ಅವಳ ಅಮ್ಮನ ಬಳಿ. ನನ್ನ ಕಾಯಿಲೆ ಅವಳಿಗೆ ಹೋಗುವುದು ಹೇಗೆ?’

ನಾನು ಪೆನ್ಸಿಲ್ ಕೆಳಗಿಟ್ಟೆ. ಅವರೇ ಮುಂದುವರಿಸಿದರು: ‘ನನಗೆ ಅಮ್ಮನಿಂದ ಬಂದದ್ದು. ಅಮ್ಮನಿಗೂ ಕೊನೆಗಾಲದ ಸ್ಕ್ಯಾನಿಂಗಿನಲ್ಲಿ ಕಿಡ್ನಿ, ಲಿವರ್ ಎರಡರಲ್ಲೂ ಗುಳ್ಳೆ ಇತ್ತು. ಹಾಗೆ ಗೊತ್ತಾದ ವಾರವೇ ಅಕ್ಕನ ಮನೆಗೆ ಹೋಗಿ ಅವಳ ಮಕ್ಕಳಿಗೆಲ್ಲ ತೋರಿಸಿಕೊಳ್ಳಿ ಅಂತ ಹೇಳಿ ಬಂದಿದ್ದೇನೆ. ಬಳಿಯಲ್ಲಿ ಬರುವುದಲ್ವಾ, ಅವರಿಗೆ ಹೇಳದೆ ಇರಲಿಕ್ಕೆ ಆಗ್ತದಾ?’

ಅತ್ತೆ ಅಷ್ಟು ಹೊತ್ತು ಬಾಗಿಲು ನೋಡುತ್ತ ಕೂತಿದ್ದವರು ಅವರ ಕಡೆ ತಿರುಗಿದರು. ಮುಚ್ಚಿಡಬೇಕೆಂದಿದ್ದವರು ಅಕ್ಕನ ಮನೆಗೆ ಓಡುತ್ತಿರಲಿಲ್ಲ. ಅಮ್ಮನ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದಲ್ಲಿ ಹುಟ್ಟಿ ಬೆಳೆದವರು ತನ್ನ ಕುಟುಂಬ ಎಂದರೆ ಅಕ್ಕನ ಮಕ್ಕಳು ಎಂದು ತಿಳಿದು, ಆ ತಿಳುವಳಿಕೆಗೆ ತಕ್ಕ ಹಾಗೆ ನಡೆದುಕೊಂಡಿದ್ದರು. ಸ್ವಂತ ಮಗಳು ಆ ಲೆಕ್ಕದಲ್ಲೇ ಇರಲಿಲ್ಲ. ಇದನ್ನು ಅಜ್ಞಾನ ಎಂದು ಯಾರಾದರೂ ಕರೆದರೆ ನನಗೆ ಸಿಟ್ಟು ಬರುತ್ತದೆ. ವರದಿ ಕೈಗಿಟ್ಟವರಲ್ಲಿ ಒಬ್ಬರಾದರೂ ‘ನಿಮಗೆ ಮಕ್ಕಳೆಷ್ಟು’ ಎಂದು ಕೇಳಿದ್ದರೆ ಆ ಮನುಷ್ಯನಿಗೆ ಅಂದೇ ತಿಳಿಯುತ್ತಿತ್ತು.

ನಾನು ಹೇಳಿದ್ದಿಷ್ಟು. ಯಾವ ಮನೆಯ ದೈವ, ಯಾರೊಂದಿಗೆ ಮದುವೆ ಸಲ್ಲದು ಎಂಬುದನ್ನು ಬಳಿ ಹೇಳುತ್ತದೆ. ದೇಹದ ಪಾಲು ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ. ದೊಡ್ಡವರಲ್ಲಿ ಕಾಣುವ ಗುಳ್ಳೆ ಕಾಯಿಲೆಗೆ ಮುಖ್ಯವಾಗಿ ಎರಡು ಜೀನ್‌ಗಳು ಕಾರಣ: 16ನೇ ಕ್ರೋಮೋಸೋಮಿನಲ್ಲಿರುವ ಪಿಕೆಡಿ1, 4ನೇ ಕ್ರೋಮೋಸೋಮಿನಲ್ಲಿರುವ ಪಿಕೆಡಿ2. ಎರಡರಲ್ಲಿ ಯಾವುದೇ ಒಂದು ಜೀನಿನ ಒಂದು ಪ್ರತಿ ಕೆಟ್ಟಿದ್ದರೂ ಸಾಕು. ಮಗು ಗಂಡಾಗಲಿ ಹೆಣ್ಣಾಗಲಿ, ಪ್ರತಿ ಬಸಿರಿನಲ್ಲೂ ದಾಟುವ ಸಾಧ್ಯತೆ 50 ಪ್ರತಿಶತ.

ಆಕೆ ರಾತ್ರಿ ಓದಿದ್ದು ಇದಲ್ಲ. ಅದು 6ನೇ ಕ್ರೋಮೋಸೋಮಿನ ಪಿಕೆಎಚ್‌ಡಿ1 ಎಂಬ ಜೀನಿನದ್ದು, ಸುಮಾರು 20,000 ಹೆರಿಗೆಗಳಿಗೆ ಒಂದರಂತೆ ಕಾಣುವಂಥದ್ದು. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಆ ಕಾಯಿಲೆ, ಅಂಥ ಜೋಡಿಗೆ ಪ್ರತಿ ಬಸಿರಿನಲ್ಲೂ 25 ಪ್ರತಿಶತ. ಗರ್ಭದಲ್ಲೇ ಕಿಡ್ನಿ ಊದಿ, ಸುತ್ತಲಿನ ನೀರು ಕಡಿಮೆಯಾಗಿ, ಶ್ವಾಸಕೋಶ ಬೆಳೆಯದೆ ಕೆಲವು ಶಿಶುಗಳು ತೀರಿಕೊಳ್ಳುತ್ತವೆ. ಉಳಿದವರಿಗೆ ಲಿವರ್ ಗಟ್ಟಿಯಾಗುವ ತೊಂದರೆಯೂ ಇರುತ್ತದೆ. ಅಪ್ಪ ಅಮ್ಮನ ಕಿಡ್ನಿ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ.

ಬಳಿಯ ಲೆಕ್ಕ ಇಲ್ಲಿ ಇನ್ನೊಂದು ರೀತಿಯಲ್ಲಿ ದಾರಿ ತಪ್ಪಿಸುತ್ತದೆ. ಒಂದೇ ಬಳಿಯಲ್ಲಿ ನಾವು ಮದುವೆ ಮಾಡುವುದಿಲ್ಲ, ಸೋದರಮಾವನ ಮಗಳ ಬಳಿ ಬೇರೆ ಎಂದು ಒಪ್ಪಿಕೊಳ್ಳುತ್ತೇವೆ. ಆದರೆ ಸೋದರಮಾವನ, ಸೋದರತ್ತೆಯ ಮಕ್ಕಳ ನಡುವೆ ಜೀನ್‌ಗಳ ಎಂಟನೇ ಒಂದು ಪಾಲು ಸಮಾನ. ಶಿಶುಗಳ ಈ ಕಾಯಿಲೆಗೆ ಅಂಥ ಮದುವೆಗಳಲ್ಲಿ ಅವಕಾಶ ಹೆಚ್ಚು. ಈಕೆಯ ಗಂಡ ಸಂಬಂಧದವನಲ್ಲ, ಈಕೆಯ ಗುಳ್ಳೆಯ ಕಾರಣವೂ ಬೇರೆ. ‘ಹಾಗಾದ್ರೆ ಇದು ಆ ಶಿಶುಗಳದ್ದಲ್ಲ’ ಎಂದು ಅತ್ತೆಯೇ ಸೊಸೆಗೆ ತುಳುವಿನಲ್ಲಿ ಹೇಳಿದರು.

ಚಿತ್ರ ಮುಂದುವರಿಯಿತು. ಅಜ್ಜಿ 78ಕ್ಕೆ ತೀರಿದ್ದು, ಡಯಾಲಿಸಿಸ್ ಇಲ್ಲದೆ. ಎಪ್ಪತ್ತು ದಾಟಿದ ಮೇಲೂ ನೇಜಿ ನೆಡಲು ಗದ್ದೆಗೆ ಇಳಿದವರು. ಇದು ನನಗೆ ದೊಡ್ಡ ಸುಳಿವು. ಮನೆಯಲ್ಲಿ ಒಬ್ಬರಿಗಾದರೂ 55ರೊಳಗೆ ಕಿಡ್ನಿ ನಿಂತಿದ್ದರೆ ಪಿಕೆಡಿ1 ಎಂಬ ಸಂಶಯ ಬಲವಾಗುತ್ತದೆ. ಗುಳ್ಳೆ ಇದ್ದವರು 70 ದಾಟಿಯೂ ಡಯಾಲಿಸಿಸ್ ಇಲ್ಲದೆ ಬದುಕಿದ್ದರೆ ಪಿಕೆಡಿ2 ಇರಬಹುದು. ಅಪ್ಪನ ತಮ್ಮ ಮುಂಬೈಯ ಹೋಟೆಲಿನಲ್ಲಿದ್ದಾಗ 44ರಲ್ಲಿ ತಲೆಯ ನರ ಒಡೆದು ಹೋದವರು. ‘ಅದು ತಲೆಯದ್ದು, ಅದನ್ನು ಬರೆಯುವುದು ಬೇಡ’ ಎಂದರು. ಬರೆದೆ. ಈ ಕಾಯಿಲೆ ಇರುವವರಲ್ಲಿ ಮೆದುಳಿನ ರಕ್ತನಾಳ ಉಬ್ಬಿ ಒಡೆಯುವುದು ಉಳಿದವರಿಗಿಂತ ಹೆಚ್ಚು, ಮನೆಯಲ್ಲಿ ಒಮ್ಮೆ ಆಗಿದ್ದರೆ ಇನ್ನೂ ಹೆಚ್ಚು. ಅಪ್ಪನಿಗೂ ಹೆರಿಗೆಯ ನಂತರ ಮಗಳಿಗೂ ಮೆದುಳಿನ ರಕ್ತನಾಳದ ಎಂಆರ್‌ಐ ಬಗ್ಗೆ ಕಿಡ್ನಿ ತಜ್ಞರಲ್ಲಿ ಕೇಳಲೇಬೇಕೆಂದು ಹೇಳಿದೆ.

ಜೀನ್ ಪರೀಕ್ಷೆಗೆ ಅಪ್ಪನ ರಕ್ತವನ್ನು ಕಳಿಸಿ ಎಂದೆ. ಕಾಯಿಲೆ ಇರುವವರಲ್ಲಿ ಮೊದಲು ದೋಷ ಸಿಗಬೇಕು. ಅದು ಸಿಗದೆ ಉಳಿದವರ ರಕ್ತ ನೋಡಿ ‘ಏನೂ ಕಾಣಲಿಲ್ಲ’ ಎಂದು ವರದಿ ಬಂದರೆ ಅದಕ್ಕೆ ಅರ್ಥವಿಲ್ಲ. ಪಿಕೆಡಿ1ಕ್ಕೆ ಅದೇ ಕ್ರೋಮೋಸೋಮಿನಲ್ಲಿ ಅದನ್ನೇ ಹೋಲುವ ಆರು ನಕಲಿ ಜೀನ್‌ಗಳಿವೆ. ಪ್ರಯೋಗಾಲಯ ಅದನ್ನು ಬೇರ್ಪಡಿಸಿ ಓದುತ್ತದೆಯೇ ಎಂದು ಹಣ ಕಟ್ಟುವ ಮೊದಲು ಕೇಳಿಕೊಳ್ಳಿ.

ಈ ಪರೀಕ್ಷೆ ದಂಡ ಎಂದವರಿದ್ದಾರೆ. ಅಪ್ಪನಿಗೆ ಕಾಯಿಲೆ ಇದ್ದು, ಮಗಳ ವಯಸ್ಸು 40ರೊಳಗಿದ್ದು, ಎರಡು ಕಿಡ್ನಿ ಸೇರಿ ಮೂರು ಗುಳ್ಳೆ ಕಂಡರೆ ರೋಗನಿರ್ಣಯಕ್ಕೆ ಅಷ್ಟೇ ಸಾಕು, ನಿಜ. ಆದರೆ ಹೊಟ್ಟೆಯಲ್ಲಿ ಮಗುವನ್ನು ಇಟ್ಟುಕೊಂಡು ಕೂತವಳಿಗೆ ಬೇಕಾದದ್ದು ಕಾಯಿಲೆಯ ಹೆಸರಷ್ಟೇ ಅಲ್ಲ. ಕಿಡ್ನಿ ನಿಲ್ಲುವ ವಯಸ್ಸು ಪಿಕೆಡಿ1ರಲ್ಲಿ ಸರಾಸರಿ 55ರ ಆಸುಪಾಸು, ಪಿಕೆಡಿ2ರಲ್ಲಿ 70 ದಾಟಿದ ಮೇಲೆ. ಒಂದೇ ಮನೆಯಲ್ಲೂ ಒಬ್ಬರಂತೆ ಇನ್ನೊಬ್ಬರಿಗೆ ಆಗುವುದಿಲ್ಲ ಎಂಬುದನ್ನೂ ಹೇಳಿದೆ. ಅಷ್ಟು ವ್ಯತ್ಯಾಸವನ್ನು ತಿಳಿಸದೆ ಅವಳಿಂದ ನಿರ್ಧಾರ ಕೇಳುವುದು ಅನ್ಯಾಯ ಎಂದು ನಾನು ನಂಬಿದ್ದೇನೆ.

ವರದಿ ಬಂತು: ಪಿಕೆಡಿ2. ಬಸಿರು ಮುಂದುವರಿಸುತ್ತೇನೆ ಎಂದು ಅವಳೇ ಹೇಳಿದಳು. ತೆಗೆಸುತ್ತೇನೆ ಎಂದಿದ್ದರೂ ನಾನು ಜೊತೆಗೆ ನಿಲ್ಲುತ್ತಿದ್ದೆ.

ರಕ್ತದೊತ್ತಡ ತಪ್ಪದೆ ನೋಡಿಸಿ. ಟೆಲ್ಮಿಸಾರ್ಟಾನ್, ರಾಮಿಪ್ರಿಲ್‌ನಂಥ ಮಾತ್ರೆ ಬಸಿರಿನಲ್ಲಿ ಬೇಡ, ಒತ್ತಡ ಏರಿದರೆ ವೈದ್ಯರು ಬೇರೆಯದು ಕೊಡುತ್ತಾರೆ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ. ಗಂಜಿಯ ಜೊತೆಗಿನ ಒಣಮೀನು, ಉಪ್ಪಿನಕಾಯಿ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ ಕಡಿಮೆಯಾಗಲಿ ಎಂದಾಗ ಅತ್ತೆಗೆ ಬೇಸರವಾಯಿತು, ಆದರೂ ಒಪ್ಪಿದರು. ಆಶ್ಲೇಷ ಬಲಿ ಮಾಡಿಸುತ್ತೇವೆ ಎಂದರು. ಮಾಡಿಸಿ ಎಂದೆ.

ಆಕೆಯ 16 ವರ್ಷದ ತಮ್ಮನನ್ನೂ ಪರೀಕ್ಷೆ ಮಾಡಿಸೋಣ ಎಂದು ಅಪ್ಪ ಕೇಳಿದರು. ತೊಂದರೆ ಏನೂ ಇಲ್ಲದ ಹುಡುಗನ ಹಣೆಗೆ ವರದಿ ಅಂಟಿಸಲು ನಾನು ಒಪ್ಪಲಿಲ್ಲ. ರಕ್ತದೊತ್ತಡ ನೋಡಿಸಿ, 18 ದಾಟಿದ ಮೇಲೆ ಅವನೇ ಹೇಳಲಿ. ಹುಟ್ಟಿದ ಮಗುವಿಗೂ ಪರೀಕ್ಷೆ ಮಾಡಿಸಿಲ್ಲ.

ಅಪ್ಪನ ಅಕ್ಕನ ಮಕ್ಕಳೂ ಆಮೇಲೆ ಬಂದರು. 41 ವರ್ಷದ ಹಿರಿಯವಳ ಸ್ಕ್ಯಾನಿಂಗಿನಲ್ಲಿ ಒಂದು ಗುಳ್ಳೆಯೂ ಇಲ್ಲ. 40 ದಾಟಿದವರಲ್ಲಿ ಹಾಗಿದ್ದರೆ ಕಾಯಿಲೆ ಇಲ್ಲ ಎನ್ನಬಹುದು. 25ರ ಕಿರಿಯವನದ್ದೂ ಶುಭ್ರವಾಗಿದೆ, ಆದರೆ ಪಿಕೆಡಿ2ರಲ್ಲಿ ಗುಳ್ಳೆ ತಡವಾಗಿ ಕಾಣುವುದರಿಂದ ಆ ವಯಸ್ಸಿಗೆ ಅದು ಕೊನೆಯ ಮಾತಲ್ಲ. ಮನೆಯ ದೋಷ ಯಾವುದೆಂದು ಈಗ ಗೊತ್ತಿರುವುದರಿಂದ ಒಂದು ರಕ್ತಪರೀಕ್ಷೆಯಲ್ಲಿ ತೀರ್ಮಾನವಾಗುತ್ತದೆ ಎಂದೆ. ಈಗ ಬೇಡ, ವರ್ಷಕ್ಕೊಮ್ಮೆ ಬಿಪಿ ನೋಡಿಸ್ತೇನೆ ಎಂದಿದ್ದಾನೆ.