ಮೊದಲು ತಿಂಗಳು ನೋಡಿ, ಆಮೇಲೆ ಬೆಟ್ಟ

ಓದುಗರ ಪ್ರಶ್ನೆ, ನಮ್ಮ ಉತ್ತರ: ಪ್ರವಾಸ

ಹೋದ ಸಂಚಿಕೆಯಲ್ಲಿ ಕಾಶ್ಮೀರದ ಗುಲ್ಮಾರ್ಗ್‌ನ ಒಂದು ಫೋಟೋ ಹಾಕಿ, ಸ್ಕೀಯಿಂಗ್ (ಕಾಲಿಗೆ ಸ್ಕೀ ಅನ್ನುವ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಆಟ) ಬಗ್ಗೆ ಏನು ಬೇಕಾದರೂ ಕೇಳಿ ಅಂದಿದ್ದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದಲೇ ಜಾಸ್ತಿ ಪತ್ರ ಬಂದಿವೆ. ನಾನೂ ತುಮಕೂರಿನವಳೇ. 34 ವರ್ಷ ಆಗುವವರೆಗೆ ದೇವರಾಯನದುರ್ಗದ ಬೆಳಗಿನ ಮಂಜು ಬಿಟ್ಟರೆ ಬೇರೆ ಮಂಜು ಕಂಡವಳಲ್ಲ. ಅದಕ್ಕೇ ಈ ಪತ್ರಗಳನ್ನು ಎರಡೆರಡು ಸಲ ಓದಿದೆ.

ಪ್ರಶ್ನೆ: ಮೇಡಂ, ನಾವು ತುಮಕೂರಿನ ಎಸ್.ಎಸ್. ಪುರಂನವರು. ನಾನು, ನಮ್ಮ ಮನೆಯವರು, ಇಬ್ಬರು ಮಕ್ಕಳು. ಮೂರು ವರ್ಷದಿಂದ ದುಡ್ಡು ಕೂಡಿಡುತ್ತಿದ್ದೇವೆ. ಯಾರೂ ಹಿಮ ನೋಡಿಲ್ಲ. ಹೋಗುವುದೇ ಒಂದು ಸಲ, ಹೋದರೆ ಪ್ರಪಂಚದ ಬೆಸ್ಟ್ ಸ್ಕೀ ಜಾಗಕ್ಕೇ ಹೋಗಬೇಕು ಅಂತ ಆಸೆ. ಡಿಸೆಂಬರ್ ರಜೆಯಲ್ಲಿ ಸ್ವಿಟ್ಜರ್ಲೆಂಡಿನ ಝರ್ಮಾಟ್ ಆಗಬಹುದಾ?

ಉತ್ತರ: ಝರ್ಮಾಟ್ ಬಗ್ಗೆ ನೀವು ಕೇಳಿರುವುದೆಲ್ಲ ನಿಜ. ಊರೊಳಗೆ ಪೆಟ್ರೋಲ್ ಕಾರು ಬಿಡುವುದಿಲ್ಲ. ತಲೆ ಎತ್ತಿದರೆ 4,478 ಮೀಟರ್ ಎತ್ತರದ ಮ್ಯಾಟರ್‌ಹಾರ್ನ್. ಕೇಬಲ್ ಕಾರು 3,883 ಮೀಟರ್‌ವರೆಗೆ ಕರೆದುಕೊಂಡು ಹೋಗುತ್ತದೆ, ಅಲ್ಲಿಂದ ಸ್ಕೀ ಮಾಡಿಕೊಂಡೇ ಗಡಿ ದಾಟಿ, ಇಟಲಿಯ ಕಡೆ ಇಳಿದು, ಊಟ ಮುಗಿಸಿ ಸಂಜೆಗೆ ವಾಪಸ್ ಬರಬಹುದು. ಆದರೆ ಇದೆಲ್ಲ ಸ್ಕೀಯಿಂಗ್ ಕಲಿತವರಿಗೆ. ಹೊಸಬರು ಮೊದಲ ಮೂರು ನಾಲ್ಕು ದಿನ ಕಳೆಯುವುದು ಮಕ್ಕಳು ಆಡುವಂಥ ಒಂದು ಸಣ್ಣ ಇಳಿಜಾರಿನಲ್ಲಿ. ನಮ್ಮ ಕೆರೆ ಏರಿ ಅದಕ್ಕಿಂತ ಕಡಿದಾಗಿರುತ್ತದೆ. ಆ ಇಳಿಜಾರು ಝರ್ಮಾಟ್‌ನಲ್ಲಿ ಬೇರೆ, ಗುಲ್ಮಾರ್ಗ್‌ನಲ್ಲಿ ಬೇರೆ ಅಂತೇನೂ ಇಲ್ಲ. ಖರ್ಚು ಮಾತ್ರ ಅಲ್ಲಿ ಹಲವು ಪಟ್ಟು.

ನನ್ನ ಮೊದಲ ದಿನ ಹೇಳುತ್ತೇನೆ. ಸ್ಕೀ ಬೂಟು ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನದು, ಮುಂದುಗಡೆ ಸಾಲಾಗಿ ಬಕಲ್. ಹಾಕಿಕೊಂಡರೆ ಪಾದದ ಗಂಟು ಅಲ್ಲಾಡುವುದಿಲ್ಲ. ನಡೆಯುವಾಗ ಮೊದಲು ಹಿಮ್ಮಡಿ, ಆಮೇಲೆ ಮುಂಗಾಲು, ಟಕ್ ಟಕ್ ಅಂತ ಊರಬೇಕು. ಕಲಿಸಲು ಬಂದ ಕಾಶ್ಮೀರಿ ಹುಡುಗ ಸ್ಕೀಗಳ ಮೂತಿ ಹತ್ತಿರ ತಂದು, ಹಿಂದುಗಡೆ ಅಗಲ ಮಾಡಿ ತೋರಿಸಿದ. ಮೇಲಿಂದ ನೋಡಿದರೆ ಸಮೋಸದ ಆಕಾರ. ಹಾಗೆ ನಿಂತು ಹಿಮ್ಮಡಿಯನ್ನು ಹೊರಗೆ ಒತ್ತಿದರೆ ಸ್ಕೀಯ ಒಳಗಿನ ಅಂಚು ಹಿಮವನ್ನು ಕೆರೆಯುತ್ತದೆ, ವೇಗ ಇಳಿಯುತ್ತದೆ. ಬ್ರೇಕ್ ಅಂದರೆ ಅದೇ. ಎರಡು ದಿನ ಪೂರ್ತಿ ಅದನ್ನೇ ಮಾಡಿದೆ. ಮೂರನೇ ದಿನ ಮಧ್ಯಾಹ್ನ ಯಾರೂ ಹಿಡಿಯದೆ, ನಾನು ಅಂದುಕೊಂಡ ಜಾಗದಲ್ಲೇ ನಿಂತೆ. ಹಿಮ ಕರ್ರ್ ಅಂತು. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ಆದ್ದರಿಂದ ಮೊದಲ ಸಲ ಗುಲ್ಮಾರ್ಗ್‌ಗೆ ಹೋಗಿ. ಶ್ರೀನಗರದಿಂದ ಸುಮಾರು 50 ಕಿ.ಮೀ. ಊರೇ 2,650 ಮೀಟರ್ ಎತ್ತರದಲ್ಲಿದೆ. ನಮ್ಮ ನಂದಿ ಬೆಟ್ಟ 1,478 ಮೀಟರ್, ಅಂದರೆ ಹತ್ತತ್ತಿರ ಎರಡರಷ್ಟು, ಹಾಗಾಗಿ ಮೊದಲ ದಿನ ಸುಮ್ಮನೆ ಸುತ್ತಾಡಿ, ಉಸಿರು ಹೊಂದಿಕೊಳ್ಳಲಿ. ಅಲ್ಲಿನ ಗೊಂಡೋಲಾ, ಅಂದರೆ ಕೇಬಲ್ ಕಾರು, ಎರಡು ಹಂತದಲ್ಲಿ ಸುಮಾರು 3,950 ಮೀಟರ್‌ವರೆಗೆ ಏರುತ್ತದೆ. ಎರಡನೇ ಹಂತದಿಂದ ಸ್ಕೀಯಲ್ಲಿ ಇಳಿಯುವ ಯೋಚನೆ ಈ ಸಲ ಬೇಡ. ಮೇಲಿನ ಬೆಟ್ಟದಲ್ಲಿ ಹಿಮಕುಸಿತದ ಅಪಾಯ ನಿಜವಾದದ್ದು, ಕೆಳಗಿನ ಬಯಲೇ ನಿಮಗೆ ಸಾಕು.

ಡಿಸೆಂಬರ್ ರಜೆ ಮಾತ್ರ ನನಗೆ ಇಷ್ಟವಿಲ್ಲ. ಕಾಶ್ಮೀರದಲ್ಲಿ ಚಿಲ್ಲೈ ಕಲಾನ್ ಅಂತಾರಲ್ಲ, 40 ದಿನದ ಕಡುಚಳಿ, ಅದು ಶುರುವಾಗುವುದೇ ಡಿಸೆಂಬರ್ 21ಕ್ಕೆ. ಹಿಮ ದಪ್ಪವಾಗಿ ಕೂರುವುದು ಅದರ ನಂತರ. 2024ರಲ್ಲಂತೂ ಜನವರಿ ಮುಕ್ಕಾಲು ಪಾಲು ಕಳೆದರೂ ಗುಲ್ಮಾರ್ಗ್‌ನಲ್ಲಿ ಹುಲ್ಲು ಕಾಣುತ್ತಿತ್ತು. ಸಂಕ್ರಾಂತಿ ಎಳ್ಳು ಬೀರಿ, ಹದಿನೈದು ದಿನ ಬಿಟ್ಟು ಹೊರಡಿ. ಮಕ್ಕಳ ಸ್ಕೂಲಿಗೆ ಒಂದು ವಾರ ರಜಾ ಚೀಟಿ ಬರೆಯಬೇಕಾಗುತ್ತದೆ, ಬರೆಯಿರಿ. ಝರ್ಮಾಟ್ ದುಡ್ಡು ಹಾಗೇ ಇರಲಿ. ಮಕ್ಕಳಿಗೆ ಸ್ಕೀಯಿಂಗ್ ಹಿಡಿಸಿದರೆ ಎರಡು ವರ್ಷ ಬಿಟ್ಟು ಹೋಗಿ. ಆಗ ಆ ಬೆಟ್ಟ ಪೂರ್ತಿ ನಿಮ್ಮದಾಗುತ್ತದೆ.

ಪ್ರಶ್ನೆ: ನಾನು ಶ್ರೀನಿವಾಸಪುರದ ಮಾವಿನ ಬೆಳೆಗಾರ. ಜನವರಿ, ಫೆಬ್ರವರಿಯಲ್ಲಿ ಹೂವು ಬರುತ್ತೆ, ಔಷಧಿ ಹೊಡೆಯಬೇಕು, ತೋಟ ಬಿಟ್ಟು ಕದಲೋಕಾಗಲ್ಲ. ಜುಲೈ ಕಳೆದರೆ ಬಿಡುವು. ಹಿಮ ಇರೋ ಕಾಲದಲ್ಲೇ ನಮಗೆ ಕೆಲಸ. ನಮ್ಮಂಥವರಿಗೆ ಸ್ಕೀಯಿಂಗ್ ಇಲ್ಲವೇ ಇಲ್ಲ ಅಂತಾನಾ?

ಉತ್ತರ: ನಿಮಗೆ ಇದೆ, ಸ್ವಾಮಿ. ನಮಗೆ ಮಳೆಗಾಲ ಇರುವಾಗ ಭೂಮಿಯ ದಕ್ಷಿಣದ ಅರ್ಧದಲ್ಲಿ ಚಳಿಗಾಲ. ನ್ಯೂಜಿಲೆಂಡಿನ ಕ್ವೀನ್ಸ್‌ಟೌನ್ ಊರಿಗೆ ಆಗಸ್ಟಿನಲ್ಲಿ ಹೋಗಿ. ಹತ್ತಿರದಲ್ಲೇ ಕೊರೊನೆಟ್ ಪೀಕ್, ರಿಮಾರ್ಕಬಲ್ಸ್ ಅಂತ ಎರಡು ಸ್ಕೀ ಬೆಟ್ಟಗಳಿವೆ. ಉಳಿಯುವುದು ಕೆಳಗೆ ಸರೋವರದ ದಡದಲ್ಲಿ, ಬೆಳಿಗ್ಗೆ ಬಸ್ಸು ಹತ್ತಿ ಬೆಟ್ಟಕ್ಕೆ. ಹೊಸಬರಿಗೆ ಎರಡೂ ಕಡೆ ತರಗತಿ ಇದೆ. ದಕ್ಷಿಣ ಅಮೆರಿಕದ ಚಿಲಿಯಲ್ಲಿ ಪೋರ್ಟಿಯೊ, ವ್ಯಾಯೆ ನೆವಾಡೊ ಕೂಡ ಅದೇ ತಿಂಗಳುಗಳಲ್ಲಿ ತೆರೆದಿರುತ್ತವೆ, ಆದರೆ ಶ್ರೀನಿವಾಸಪುರದಿಂದ ಅದು ತುಂಬಾ ದೂರದ ಪ್ರಯಾಣ, ನಾನಾದರೆ ನ್ಯೂಜಿಲೆಂಡನ್ನೇ ಆರಿಸುತ್ತೇನೆ. ಒಂದು ಎಚ್ಚರ. ಅಲ್ಲಿ ಬೆಳೆ, ತೋಟದ ರೋಗದ ಭಯ ಜಾಸ್ತಿ, ಅದು ನಿಮಗೆ ನಾನು ಹೇಳಬೇಕಾಗಿಲ್ಲ. ಬ್ಯಾಗಿನಲ್ಲಿರುವ ತಿಂಡಿ, ಉಪ್ಪಿನಕಾಯಿ, ಹುರಿಹಿಟ್ಟು ಎಲ್ಲವನ್ನೂ ವಿಮಾನ ನಿಲ್ದಾಣದ ಫಾರಂನಲ್ಲಿ ಬರೆದು ತೋರಿಸಬೇಕು. ಮುಚ್ಚಿಟ್ಟು ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ತೋಟದಲ್ಲಿ ಹಾಕಿದ ಶೂ ಇದ್ದರೆ ಮಣ್ಣು ಹೋಗುವಂತೆ ತೊಳೆದು ಒಣಗಿಸಿ.

ಪ್ರಶ್ನೆ: ಕೋಲಾರದಿಂದ ಬರೆಯುತ್ತಿದ್ದೇವೆ, ಮೂವರು ಸ್ನೇಹಿತರು. ಗುಲ್ಮಾರ್ಗ್‌ಗೆ ಎರಡು ಸಲ ಹೋಗಿದ್ದೇವೆ, ಬೇಸಿಕ್ ಕೋರ್ಸ್ ಆಗಿದೆ, ತಿರುಗಿಸೋದು, ನಿಲ್ಲಿಸೋದು ಬರುತ್ತೆ. ಈಗ ಹೊರದೇಶ. ಜಪಾನ್, ಫ್ರಾನ್ಸ್, ಕೆನಡಾ ಮೂರರಲ್ಲಿ ಗೊಂದಲ. ನೀವೇ ಒಂದು ಹೇಳಿಬಿಡಿ.

ಉತ್ತರ: ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ಹೆಸರು ಹೇಳುತ್ತೇನೆ, ಆದರೆ ಕೊನೆಗೆ. ಮೊದಲು ಮೂರನ್ನೂ ನೋಡೋಣ.

ಜಪಾನಿನ ಹೊಕ್ಕೈಡೊ ದ್ವೀಪದಲ್ಲಿ ನಿಸೆಕೊ ಇದೆ. ಬೆಟ್ಟ ಅಂಥ ಎತ್ತರವೇನಲ್ಲ. ಎದುರಿಗೆ ಕಾಣುವ ಯೋತೆಯಿ ಪರ್ವತವೇ 1,898 ಮೀಟರ್. ಆದರೂ ಅಲ್ಲಿ ಒಂದು ಸೀಸನ್ನಿಗೆ ಸುಮಾರು 15 ಮೀಟರ್ ಹಿಮ ಬೀಳುತ್ತದೆ. ಕಾರಣ ಗೊತ್ತಾದರೆ ಖುಷಿಯಾಗುತ್ತದೆ. ಸೈಬೀರಿಯಾದಿಂದ ಕೊರೆಯುವ ಒಣ ಗಾಳಿ ಹೊರಡುತ್ತದೆ, ದಾರಿಯಲ್ಲಿ ಜಪಾನ್ ಸಮುದ್ರ ಸಿಗುತ್ತದೆ, ಸಮುದ್ರದ ನೀರು ಗಾಳಿಗಿಂತ ಬೆಚ್ಚಗಿರುವುದರಿಂದ ಗಾಳಿ ತೇವ ಹೀರಿಕೊಂಡು ಬಂದು ಹೊಕ್ಕೈಡೊದ ಬೆಟ್ಟಕ್ಕೆ ತಾಗಿದ ಕೂಡಲೇ ಎಲ್ಲವನ್ನೂ ಹಿಮವಾಗಿ ಸುರಿಸುತ್ತದೆ. ನಮ್ಮ ಮುಂಗಾರು ಮೋಡ ಪಶ್ಚಿಮ ಘಟ್ಟಕ್ಕೆ ತಾಗಿ ಆಗುಂಬೆಯಲ್ಲಿ ಸುರಿಯುತ್ತದಲ್ಲ, ಹಾಗೇ. ಚಳಿ ಜಾಸ್ತಿ ಇರುವುದರಿಂದ ಆ ಹಿಮ ಹಗುರ, ಪುಡಿಪುಡಿ. ಅಂಗೈಯಲ್ಲಿ ಹಿಡಿದು ಊದಿದರೆ ರಾಗಿ ಹಿಟ್ಟಿನ ಥರ ಹಾರುತ್ತದೆ. ಮೊಣಕಾಲುದ್ದ ಪುಡಿ ಹಿಮದಲ್ಲಿ ಸ್ಕೀ ಮಾಡುವುದು ಬೇರೆಯದೇ ವಿದ್ಯೆ. ಎರಡು ಸಲ ಹೋಗಿ ಬಂದವರಿಗೆ ಅದು ಬೇಗ ಬರುವುದಿಲ್ಲ. ಜಪಾನನ್ನು ಐದನೇ ಸಲಕ್ಕೆ ಇಟ್ಟುಕೊಳ್ಳಿ.

ಕೆನಡಾದ ವಿಸ್ಲರ್ ಬ್ಲ್ಯಾಕ್‌ಕೂಂಬ್ 2010ರ ಚಳಿಗಾಲದ ಒಲಿಂಪಿಕ್ಸ್‌ನ ಹಲವು ಸ್ಕೀ ಸ್ಪರ್ಧೆಗಳು ನಡೆದ ಜಾಗ. ಎರಡು ದೊಡ್ಡ ಬೆಟ್ಟ, ನಡುವೆ 4.4 ಕಿ.ಮೀ. ಉದ್ದದ ಗೊಂಡೋಲಾ. ಜಾಗ ಅದ್ಭುತ, ಆದರೆ ಖರ್ಚು ವಿಪರೀತ. ಅಮೆರಿಕ ಇನ್ನೂ ದುಬಾರಿ. ಅಲ್ಲಿನ ವೇಲ್ ಅನ್ನುವ ಸ್ಕೀ ಊರಿನಲ್ಲಿ ರಜೆಯ ಸಮಯದಲ್ಲಿ ಕೌಂಟರಿಗೆ ಹೋಗಿ ಒಂದು ದಿನದ ಲಿಫ್ಟ್ ಟಿಕೆಟ್ (ಬೆಟ್ಟದ ಮೇಲಕ್ಕೆ ಒಯ್ಯುವ ತಂತಿ ಕುರ್ಚಿ, ಕೇಬಲ್ ಕಾರುಗಳ ಟಿಕೆಟ್) ಕೇಳಿದರೆ 300 ಡಾಲರ್ ದಾಟುತ್ತದೆ.

ಫ್ರಾನ್ಸಿನಲ್ಲಿ ಶಮೊನಿ ಹೆಸರು ಎಲ್ಲರೂ ಹೇಳುತ್ತಾರೆ. 1924ರಲ್ಲಿ ಮೊದಲ ಚಳಿಗಾಲದ ಒಲಿಂಪಿಕ್ಸ್ ನಡೆದದ್ದೇ ಅಲ್ಲಿ, ಮಾಂಟ್ ಬ್ಲಾಂಕ್ ಪರ್ವತದ ಬುಡದಲ್ಲಿ. ಆದರೆ ಅದು ಕಡಿದಾದ ಬೆಟ್ಟದ ಊರು, ಪಳಗಿದವರದು. ನಿಮ್ಮ ಹಂತಕ್ಕೆ ಹೇಳಿ ಮಾಡಿಸಿದ ಹಾಗಿರುವುದು ಟ್ರುವಾ ವ್ಯಾಲೆ, ಅಂದರೆ ಮೂರು ಕಣಿವೆ. ಒಂದೇ ಪಾಸಿನಲ್ಲಿ ಸುಮಾರು 600 ಕಿ.ಮೀ. ಸ್ಕೀ ದಾರಿ. ರಾತ್ರಿ ಯಂತ್ರ ಓಡಿಸಿ ಹಿಮವನ್ನು ಸಮ ಮಾಡಿ, ಬೆಳಿಗ್ಗೆ ಬಾಚಿದ ತಲೆಯ ಹಾಗೆ ಗೆರೆ ಗೆರೆ ಬಿಟ್ಟಿರುತ್ತಾರೆ. ಅದರ ಮೇಲೆ ತಿರುಗುವುದನ್ನು ಕಲಿತಷ್ಟು ಬೇಗ ಬೇರೆಲ್ಲೂ ಕಲಿಯಲಾಗದು. ಉಳಿಯುವುದಕ್ಕೆ ವಾಲ್ ಥೊರಾನ್ಸ್ ನೋಡಿ. ಊರೇ 2,300 ಮೀಟರ್ ಮೇಲಿರುವುದರಿಂದ ಹಿಮದ ಬಗ್ಗೆ ಚಿಂತೆ ಕಡಿಮೆ. ಫೆಬ್ರವರಿಯಲ್ಲಿ ಫ್ರಾನ್ಸಿನ ಸ್ಕೂಲ್ ರಜೆ, ಜನಜಂಗುಳಿ. ಜನವರಿ ಮಧ್ಯ ಅಥವಾ ಮಾರ್ಚ್ ಒಳ್ಳೆಯದು.

ಸ್ಕೀ ದಾರಿ ಎಷ್ಟು ಕಷ್ಟ ಅಂತ ಬಣ್ಣದಲ್ಲಿ ಗುರುತು ಹಾಕಿರುತ್ತಾರೆ, ಆ ಬಣ್ಣದ ವಿಷಯದಲ್ಲಿ ಮೋಸ ಹೋಗಬೇಡಿ. ಫ್ರಾನ್ಸಿನಲ್ಲಿ ಹಸಿರು, ನೀಲಿ, ಕೆಂಪು, ಕಪ್ಪು, ಈ ಕ್ರಮದಲ್ಲಿ ಕಷ್ಟ ಏರುತ್ತದೆ. ಅಮೆರಿಕ, ಕೆನಡಾದಲ್ಲಿ ಕೆಂಪು ಇಲ್ಲ, ಹಸಿರು ಆದ ಮೇಲೆ ನೀಲಿ, ಅದು ಬಿಟ್ಟರೆ ಕಪ್ಪು. ಹಾಗಾಗಿ ಅಲ್ಲಿನ ನೀಲಿಯೊಳಗೆ ಫ್ರಾನ್ಸಿನ ಕೆಂಪೂ ಸೇರಿಕೊಂಡಿರಬಹುದು. ನೀವು ನೀಲಿಯಿಂದಲೇ ಶುರು ಮಾಡಿ.

ಈಗ ಆ ನಾಲ್ಕನೇ ಹೆಸರು: ಶಿಂಬುಲಾಕ್. ಕಜಕಿಸ್ತಾನದ ಅಲ್ಮಾಟಿ ನಗರದ ಪಕ್ಕದಲ್ಲೇ ಇದೆ. ನಗರದಲ್ಲಿ ತಿಂಡಿ ತಿಂದು ಹೊರಟರೆ ಸ್ವಲ್ಪ ಹೊತ್ತಿಗೆ ಗೊಂಡೋಲಾದಲ್ಲಿ ಕೂತಿರುತ್ತೀರಿ, ಲಿಫ್ಟುಗಳು 3,200 ಮೀಟರ್ ಆಸುಪಾಸಿನವರೆಗೆ ಹೋಗುತ್ತವೆ. ದೆಹಲಿಯಿಂದ ನೇರ ವಿಮಾನ ಇದೆ. ಭಾರತೀಯರು 14 ದಿನದವರೆಗೆ ವೀಸಾ ಇಲ್ಲದೆ ಇರಬಹುದು, 2022ರಿಂದ ಹೀಗಿದೆ. ಫ್ರಾನ್ಸ್‌ಗೆ ಬೇಕಾದ ಷೆಂಗೆನ್ ವೀಸಾಕ್ಕೆ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಬ್ಯಾಂಕ್ ಸ್ಟೇಟ್‌ಮೆಂಟು, ಅಪಾಯಿಂಟ್‌ಮೆಂಟು ಅಂತ ತಿಂಗಳುಗಟ್ಟಲೆ ಓಡಾಡುವ ಬದಲು ಮೂವರೂ ಈ ವರ್ಷವೇ ಹೊರಡಬಹುದು, ಅಲ್ವಾ? ನನ್ನ ಓಟು ಇದಕ್ಕೆ. ಫ್ರಾನ್ಸ್ ಅದರ ಮುಂದಿನ ಸಲಕ್ಕೆ.

ಪ್ರಶ್ನೆ: ಅಕ್ಕಾ, ನಾನು ಶಿಡ್ಲಘಟ್ಟದವಳು, ಡಿಗ್ರಿ ಎರಡನೇ ವರ್ಷ. ಮನೆಯಲ್ಲಿ ರೇಷ್ಮೆ ಬಿಚ್ಚಾಣಿಕೆ. ಎನ್‌ಸಿಸಿಯಲ್ಲಿದ್ದೀನಿ. ಟೂರಿಸ್ಟ್ ಥರ ಅಲ್ಲ, ಸ್ಕೀಯಿಂಗ್ ಸರಿಯಾಗಿ ಕಲಿಯಬೇಕು. ಜಾಸ್ತಿ ದುಡ್ಡಿಲ್ಲ. ಬಯಲುಸೀಮೆ ಹುಡುಗಿಗೆ ಇದು ಆಗುತ್ತಾ?

ಉತ್ತರ: ತಂಗಿ, ಆಗುತ್ತೆ. ಎಲ್ಲಕ್ಕಿಂತ ಜಾಸ್ತಿ ಖುಷಿ ಕೊಟ್ಟ ಪತ್ರ ನಿನ್ನದು. ಗುಲ್ಮಾರ್ಗ್‌ನಲ್ಲಿ ಕೇಂದ್ರ ಸರ್ಕಾರದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ. ಮನಾಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ ಇದೆ, ಅವರು ಸೋಲಂಗ್ ಕಣಿವೆಯಲ್ಲಿ ಕಲಿಸುತ್ತಾರೆ. ಎರಡೂ ಕಡೆ ಊಟ, ವಸತಿ, ಸ್ಕೀ, ಬೂಟು ಎಲ್ಲ ಸೇರಿ ಕೋರ್ಸ್. ಖಾಸಗಿಯವರ ಹತ್ತಿರ ಕಲಿಯುವುದಕ್ಕಿಂತ ತುಂಬಾ ಅಗ್ಗ. ಸೀಟು ಬೇಗ ತುಂಬುತ್ತದೆ, ಅರ್ಜಿ ಕರೆದ ವಾರದಲ್ಲೇ ಹಾಕು. ಉತ್ತರಾಖಂಡದ ಔಲಿ ಬಗ್ಗೆಯೂ ಕೇಳಿರುತ್ತೀಯ. 2023ರ ಜನವರಿಯಲ್ಲಿ ಅದರ ಕೆಳಗಿನ ಜೋಶಿಮಠದಲ್ಲಿ ನೆಲ ಕುಸಿದಾಗ ಅಲ್ಲಿಂದ ಔಲಿಗೆ ಹೋಗುವ ರೋಪ್‌ವೇ ನಿಂತುಹೋಯಿತು, ಹಿಮವೂ ಗುಲ್ಮಾರ್ಗ್‌ನಷ್ಟು ನಂಬಿಕೆಯದಲ್ಲ. ಮೊದಲ ಆಯ್ಕೆ ಮಾಡಬೇಡ.

ಬಯಲುಸೀಮೆ ಅಂತ ಅಳುಕಬೇಡ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ಹೆಸರು ಕೇಳಿದ್ದೀಯಾ? ಕ್ರಾಸ್ ಕಂಟ್ರಿ ಸ್ಕೀಯಿಂಗ್, ಅಂದರೆ ಹಿಮದ ಮೇಲೆ ದೂರದ ಓಟ, ಅವರದು. ಹಿಮವೇ ಬೀಳದ ಕರ್ನಾಟಕಕ್ಕೆ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಚಿನ್ನ ತಂದುಕೊಟ್ಟವರು. ಮನಾಲಿಯ ಆಂಚಲ್ ಠಾಕೂರ್ 2018ರಲ್ಲಿ ಟರ್ಕಿಯಲ್ಲಿ ಕಂಚು ಗೆದ್ದರು, ಅಂತರರಾಷ್ಟ್ರೀಯ ಸ್ಕೀಯಿಂಗ್‌ನಲ್ಲಿ ಭಾರತಕ್ಕೆ ಅದು ಮೊದಲ ಪದಕ. ಈಗಿನಿಂದಲೇ ತೊಡೆ ಗಟ್ಟಿ ಮಾಡಿಕೋ. ಗೋಡೆಗೆ ಬೆನ್ನು ಕೊಟ್ಟು, ಕುರ್ಚಿ ಇಲ್ಲದೆ ಕುರ್ಚಿಯಲ್ಲಿ ಕೂತ ಹಾಗೆ ಒಂದು ನಿಮಿಷ ಕೂರು. ದಿನಾ ಮೂರು ಸಲ. ಭಾನುವಾರ ಸ್ಕಂದಗಿರಿ ಹತ್ತು, ಮುಖ್ಯವಾಗಿ ಇಳಿಯುವಾಗ ನಿಧಾನಕ್ಕೆ ಇಳಿ, ಸ್ಕೀಯಲ್ಲಿ ಕೆಲಸ ಮಾಡುವುದು ಆ ಸ್ನಾಯುಗಳೇ. ಕೋರ್ಸ್ ಮುಗಿದ ಮೇಲೆ ನನಗೆ ಬರೆಯಲೇಬೇಕು.

ಪ್ರಶ್ನೆ: ಚಿಕ್ಕಬಳ್ಳಾಪುರ. ನಿವೃತ್ತ ಶಿಕ್ಷಕ, ಮಂಡಿ ನೋವು. ಜರ್ಮನಿಯಲ್ಲಿರುವ ಮಗಳು ಚಳಿಗಾಲದಲ್ಲಿ ಆಲ್ಪ್ಸ್‌ಗೆ ಕರೆಯುತ್ತಿದ್ದಾಳೆ. ಸ್ಕೀ ಮಾಡದವನು ಹೋಗಿ ಏನು ಮಾಡಲಿ?

ಉತ್ತರ: ಹೋಗಿ ಸರ್. ಮಗಳು ಸ್ಕೀ ಮಾಡಲಿ, ನೀವು ಝರ್ಮಾಟ್‌ನಿಂದ ಗೊರ್ನರ್‌ಗ್ರಾಟ್ ರೈಲು ಹತ್ತಿ. 1898ರಿಂದ ಓಡುತ್ತಿರುವ ಹಲ್ಲುಗಾಲಿಯ ರೈಲು, 3,089 ಮೀಟರ್‌ವರೆಗೆ ಹೋಗುತ್ತದೆ. ಕಿಟಕಿ ಪಕ್ಕ ಕೂತೇ ಮ್ಯಾಟರ್‌ಹಾರ್ನ್ ನೋಡಬಹುದು. ಬಿಪಿ ಇದ್ದರೆ ಡಾಕ್ಟರನ್ನು ಮೊದಲು ಕೇಳಿ. ಬೂಟಿಗೆ ಕಟ್ಟುವ ರಬ್ಬರಿನ ಮುಳ್ಳುಪಟ್ಟಿ ಸಿಗುತ್ತದೆ, ಕೊಂಡುಕೊಳ್ಳಿ. ಜಾರುವುದು ಬೆಟ್ಟದಲ್ಲಲ್ಲ, ಹೋಟೆಲ್ ಮುಂದಿನ ರಸ್ತೆಯಲ್ಲಿ.

ಪ್ರಶ್ನೆ: ತಿಪಟೂರಿನಿಂದ. ಟ್ರಾವೆಲ್ ಇನ್ಶೂರೆನ್ಸ್ ತಗೊಂಡಿದ್ದೀವಿ, ಸಾಕಲ್ವಾ?

ಉತ್ತರ: ಸಾಕಾಗದೇ ಇರಬಹುದು. ಷೆಂಗೆನ್ ವೀಸಾಕ್ಕೆ ಕೇಳುವುದು ಕನಿಷ್ಠ 30,000 ಯುರೋ ವೈದ್ಯಕೀಯ ವಿಮೆ. ಆದರೆ ಎಷ್ಟೋ ಪಾಲಿಸಿಗಳಲ್ಲಿ ಸ್ಕೀಯಿಂಗ್‌ನಲ್ಲಿ ಆದ ಗಾಯಕ್ಕೆ ದುಡ್ಡು ಕೊಡುವುದಿಲ್ಲ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ನನ್ನ ಜೊತೆ ಬಂದಿದ್ದ ಗೆಳತಿಗೆ ಮಂಡಿ ತಿರುಚಿದಾಗ ಅದು ಗೊತ್ತಾಯಿತು, ಎಕ್ಸ್‌ರೇಯಿಂದ ಹಿಡಿದು ಊರುಗೋಲಿನವರೆಗೆ ಕೈಯಿಂದಲೇ ಕಟ್ಟಿದೆವು. ಚಳಿಗಾಲದ ಕ್ರೀಡೆ ಸೇರಿದೆಯಾ, ಬೆಟ್ಟದಿಂದ ಹೆಲಿಕಾಪ್ಟರಿನಲ್ಲಿ ಇಳಿಸುವ ಖರ್ಚು ಸೇರಿದೆಯಾ, ಗುರುತು ಮಾಡಿದ ದಾರಿ ಬಿಟ್ಟು ಹೋದರೂ ಕೊಡುತ್ತಾರಾ, ಈ ಮೂರನ್ನೂ ಏಜೆಂಟರಿಗೆ ಮೇಲ್ ಮಾಡಿ, ಉತ್ತರವನ್ನು ಪ್ರಿಂಟ್ ತೆಗೆದು ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳಿ.