ಸಾಲ ತೀರಿದ ಲಾರಿ: ಇಟ್ಟುಕೊಳ್ಳಲಾ, ಹೊಸದು ತೆಗೆಯಲಾ?

ಪ್ರಶ್ನೆ: ಲಾರಿ ಸಾಲ ಹೋದ ತಿಂಗಳು ತೀರಿತು. ಓಡಿರುವುದು 6 ಲಕ್ಷ ಕಿಲೋಮೀಟರ್. ಈಗೀಗ ರಿಪೇರಿ ಜಾಸ್ತಿ, ಮೊನ್ನೆ ಕ್ಲಚ್ ಪ್ಲೇಟ್ ಬೇರೆ ಹಾಕಿಸಿದೆ. ಇದನ್ನೇ ಓಡಿಸಲಾ, ಮಾರಿ ಹೊಸದು ತೆಗೆದುಕೊಳ್ಳಲಾ?

ಉತ್ತರ: ಕ್ಲಚ್ ಪ್ಲೇಟ್ ಸವೆಯುವ ಸಾಮಾನು, ಅದಕ್ಕೆ ಬೇಜಾರಾಗಿ ಲಾರಿ ಮಾರಬೇಡಿ. ಕಳೆದ 12 ತಿಂಗಳ ರಿಪೇರಿ ಬಿಲ್‌ಗಳನ್ನೆಲ್ಲ ಕೂಡಿಸಿ, ಲಾರಿ ಗ್ಯಾರೇಜಿನಲ್ಲಿ ನಿಂತ ದಿನಗಳಲ್ಲಿ ತಪ್ಪಿದ ಬಾಡಿಗೆಯನ್ನೂ ಸೇರಿಸಿ (ಇದನ್ನು ಬಹಳ ಜನ ಮರೆತೇಬಿಡುತ್ತಾರೆ, ನಿಜವಾದ ಪೆಟ್ಟು ಅದೇ), 12ರಿಂದ ಭಾಗಿಸಿ ಹೊಸ ಲಾರಿಯ ಕಂತಿನ ಪಕ್ಕ ಇಟ್ಟು ನೋಡಿ. ಹೊಸದಕ್ಕೆ ವಿಮೆಯೂ ಜಾಸ್ತಿ. ಲೋಡ್ ಸಿಗದ ತಿಂಗಳಲ್ಲೂ ಕಂತು ಬಿಡುವುದಿಲ್ಲ.

ಎಂಜಿನ್ ಹೇಗಿದೆ ನೋಡಲು, ಅದು ಬಿಸಿಯಾದ ಮೇಲೆ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ) ಬಿಟ್ಟು ಆಯಿಲ್ ಮುಚ್ಚಳ ಹುಷಾರಾಗಿ ತೆಗೆಯಿರಿ. ಸ್ವಲ್ಪ ಆವಿ ಸಹಜ. ಹೊಗೆ ಬುಸುಬುಸು ಅಂತ ಒತ್ತಿಕೊಂಡು ಬಂದರೆ ಪಿಸ್ಟನ್ ರಿಂಗೋ ಲೈನರೋ (ಪಿಸ್ಟನ್ ಓಡಾಡುವ ಕೊಳವೆ) ಸವೆದಿರಬಹುದು. ಅದೂ ರಿಪೇರಿಯಾಗುವಂಥದ್ದೇ, ಖರ್ಚು ಹೊಸ ಲಾರಿಯ ಬೆಲೆಯ ಮುಂದೆ ಸಣ್ಣದು.

ನಾನು ಹೆದರುವುದು ಚಾಸಿಗೆ, ಅಂದರೆ ಲಾರಿಯ ಭಾರವೆಲ್ಲ ಹೊರುವ ಕೆಳಗಿನ ಉಕ್ಕಿನ ಚೌಕಟ್ಟಿಗೆ. ಎಂಜಿನ್ ಆಫ್ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು, ಟಾರ್ಚ್ ಹಿಡಿದು ಕೆಳಗೆ ನುಗ್ಗಿ. ಸ್ಪ್ರಿಂಗ್ ಪ್ಲೇಟ್ ಕೂರುವ ಬ್ರಾಕೆಟ್‌ಗಳ ಸುತ್ತ, ಬೋಲ್ಟ್ ತೂತುಗಳ ಅಂಚಿನಲ್ಲಿ ಮಣ್ಣು ಕೆರೆದು ನೋಡಿ. ಕೂದಲೆಳೆಯಂಥ ಬಿರುಕಿನಿಂದ ತುಕ್ಕಿನ ಗೆರೆ ಇಳಿದಿದ್ದರೆ, ಅದರಲ್ಲೂ ಹಳೆ ವೆಲ್ಡಿಂಗ್ ಪಕ್ಕದಲ್ಲೇ ಮತ್ತೆ ಬಿಟ್ಟುಕೊಂಡಿದ್ದರೆ, ಮಾರಿಬಿಡಿ, ಕೊಳ್ಳುವವರಿಗೆ ವಿಷಯ ಹೇಳಿಯೇ ಮಾರಿ. ಬಿರುಕಿಲ್ಲವಾ? ಸುಮ್ನೆ ಇನ್ನೆರಡು ವರ್ಷ ಓಡಿಸಿ, ಕಂತು ಕಟ್ಟುತ್ತಿದ್ದ ದುಡ್ಡಲ್ಲಿ ಅರ್ಧ ಪಕ್ಕಕ್ಕಿಡಿ. ಮುಂದೆ ಹೊಸದು ತೆಗೆಯುವಾಗ ಅಷ್ಟು ಸಾಲ ಕಮ್ಮಿ, ಅಲ್ವಾ?